ಊರ ಕಸವೂ ಆಯುವ ಕಾಯಕವೂ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯು ಒಂದು ಕಾಲಕ್ಕೆ ತನ್ನ ಊರಿನ ಕಸವನ್ನು ಹರಾಜಿಗಿಡುತ್ತಿತ್ತೆಂದರೆ ಇಂದಿನ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಊರ ಹೊರಗಿನ ತಗ್ಗುಗಳಲ್ಲಿ ತುಂಬಿದ ಕಸವು ಕೊಳೆತು ಹದಕ್ಕೆ ಬಂದ ಮೇಲೆ ತಗ್ಗಿಗೆ ಇಷ್ಟೆಂದು ಸವಾಲು ನಡೆಯುತ್ತಿತ್ತು. ಸುತ್ತಣ ಹಳ್ಳಿಗಳ ರೈತರು ಸವಾಲು ಕೂಗಿ, ತಮ್ಮ ಪಾಲಿಗೆ ಬಂದ ತಗ್ಗಿನ ಗೊಬ್ಬರವನ್ನು ಹೊಲಗಳಿಗೆ ಹೇರಿಕೊಂಡು ಹೋಗುತ್ತಿದ್ದರು. ಪೇಟೆಯವರು ಉಂಡು ಬಿಟ್ಟದ್ದು, ಸಂತೆಯ ಸೊಪ್ಪುಸದೆ, ಬೀದಿಯ ಸಗಣಿ, ಒಲೆಯ ಬೂದಿ ಎಲ್ಲವೂ ಮಣ್ಣಿಗೆ ಸೇರಿ, ಜೋಳವಾಗಿ, ಮೆಣಸಿನಕಾಯಿಯಾಗಿ ಅದೇ ಪೇಟೆಗೆ ಮರಳುತ್ತಿದ್ದವು. ಪಾಲಿಕೆಯ ಲೆಕ್ಕದ ಪುಸ್ತಕದಲ್ಲಿ ಕಸಕ್ಕೆ ಖರ್ಚಿನ ಬಾಬು ಇದ್ದಂತೆಯೇ ಒಂದು ಜಮೆಯ ಬಾಬೂ ಇತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸವಾಲು ಕೂಗುವವರು ಬಹುಮಟ್ಟಿಗೆ ಇಲ್ಲವಾದರು. ಕೊಳ್ಳುವವರಿದ್ದ ವಸ್ತುವು ಕೆಲವೇ ವರ್ಷಗಳಲ್ಲಿ ಪುಕ್ಕಟೆ ಕೊಟ್ಟರೂ ಬೇಡವಾದ ವಸ್ತು ಹೇಗಾಯಿತು? ಪುರಸಭೆ, ನಗರಸಭೆಗಳ ಕಾರ್ಯವೈಖರಿಯನ್ನು ಕುರಿತು ಆಲೋಚಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಮಠದ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಕಸದ ಮಾತೇಕೆಂದು ಹಿರಿಯರು ಕೆಲವರು ಹುಬ್ಬೇರಿಸಬಹುದು. ಶರಣ ಪರಂಪರೆಯಲ್ಲಿ ಗುಡಿಸುವ ಮತ್ತು ಆಯುವ ಕೈಗಳಿಗೆ ಯಾವ ಸ್ಥಾನವಿತ್ತೆಂಬುದನ್ನು ನೆನೆದರೆ ಈ ಸಂಕೋಚಕ್ಕೆ ಎಡೆಯಿರದು. ಆ ವಿಚಾರ ಮುಂದೆ ಬರಲಿದೆ.

ಹುಬ್ಬಳ್ಳಿಯ ತಗ್ಗುಗಳು ಆ ಊರಿನವರ ಸ್ವಂತ ಕಲ್ಪನೆಯೇನೂ ಆಗಿರಲಿಲ್ಲ. ಊರ ಕಸದಿಂದ ಗೊಬ್ಬರ ಮಾಡುವ ಶಾಸ್ತ್ರೀಯ ಕ್ರಮವೊಂದು ಕನ್ನಡ ನಾಡಿನಲ್ಲಿಯೇ ರೂಪುಗೊಂಡು, 'ಬೆಂಗಳೂರು ಪದ್ಧತಿ' ಎಂಬ ಹೆಸರಿನಿಂದ ಜಗತ್ತಿನ ಕೃಷಿ ಪಠ್ಯಗಳಲ್ಲಿ ಸೇರಿದೆ. 1939ರಲ್ಲಿ ಡಾ. ಸಿ. ಎನ್. ಆಚಾರ್ಯರು ಬೆಂಗಳೂರಿನಲ್ಲಿ ಇದನ್ನು ಸಿದ್ಧಪಡಿಸಿದರು. ತಗ್ಗಿನಲ್ಲಿ ಒಂದು ಪದರ ಊರಿನ ಕಸ, ಅದರ ಮೇಲೆ ಒಂದು ಪದರ ಮಲ, ಮತ್ತೆ ಕಸ, ಹೀಗೆ ತುಂಬುತ್ತ ಬಂದು, ಮೇಲೆ ಮಣ್ಣಿನಿಂದ ಮೆತ್ತಿ ಮುಚ್ಚಿಬಿಡುವುದು. ಮೊದಲ ಕೆಲವು ದಿನ ಒಳಗೆ ಉಷ್ಣವೇರುತ್ತದೆ. ಆಮೇಲೆ ನಿಧಾನವಾಗಿ, ಗಾಳಿಯಿಲ್ಲದೆ, ಆರೆಂಟು ತಿಂಗಳಲ್ಲಿ ಎಲ್ಲವೂ ಕರಗಿ ಗೊಬ್ಬರವಾಗುತ್ತದೆ. ನಡುವೆ ಮಗುಚುವ ಕೂಲಿಯಿಲ್ಲ. ಯಂತ್ರವಿಲ್ಲ, ವಿದ್ಯುತ್ತಿನ ಬಿಲ್ಲಿಲ್ಲ. ಬಡ ಪುರಸಭೆಗಳಿಗೆ ಇದಕ್ಕಿಂತ ಒಗ್ಗುವ ಉಪಾಯ ಬೇರೊಂದಿರಲಿಲ್ಲ. ಮುಂದೆ 1975ರಲ್ಲಿ ರಾಜ್ಯವು ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೆಂಬ ಸಂಸ್ಥೆಯನ್ನೇ ಸ್ಥಾಪಿಸಿ, ಬೆಂಗಳೂರಿನ ಹೊಸೂರು ರಸ್ತೆಯ ಬದಿಗೆ, ಕೂಡ್ಲು ಗ್ರಾಮದ ಹತ್ತಿರ, ನಗರದ ಕಸವನ್ನು ಗೊಬ್ಬರವಾಗಿಸುವ ದೊಡ್ಡ ಘಟಕವನ್ನು ಹೂಡಿತು.

ಹಳೆಯದನ್ನು ಹೊಗಳುವ ಭರದಲ್ಲಿ ಒಂದು ಸಂಗತಿಯನ್ನು ಮರೆಮಾಚುವುದು ಸಲ್ಲದು. ಆ ತಗ್ಗುಗಳಿಗೆ ಬರುತ್ತಿದ್ದ ಮಲವು ತಾನಾಗಿ ನಡೆದು ಬರುತ್ತಿರಲಿಲ್ಲ. ಅದು ಮನುಷ್ಯರ ತಲೆಯ ಮೇಲೆ ಬರುತ್ತಿತ್ತು. ಯಾವ ಜಾತಿಯಲ್ಲಿ ಹುಟ್ಟಿದವರ ತಲೆಯ ಮೇಲೆ ಎಂಬುದನ್ನು ವಿವರಿಸಬೇಕಾಗಿಲ್ಲ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಇಡೀ ದೇಶಕ್ಕೆ ಅಂಥದೊಂದು ಕಾನೂನು ಬರಲು 1993ರ ತನಕ ಕಾಯಬೇಕಾಯಿತು. ಕಾನೂನು ಬಂದ ಮೇಲೂ ಬೀದಿಯಲ್ಲಿ ಏನಿತ್ತೆಂಬುದಕ್ಕೆ 2010ರ ಜುಲೈ ತಿಂಗಳು ಸಾಕ್ಷಿ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವರು ಪುರಸಭೆಯ ಮುಂದೆ ನಿಂತು ಮಲವನ್ನು ತಮ್ಮ ಮೈಗೆ ತಾವೇ ಬಳಿದುಕೊಂಡು ಪ್ರತಿಭಟಿಸಿದರು. ಆ ಚಿತ್ರವನ್ನು ಕಂಡ ಯಾರಿಗೂ ಹಳೆಯ ಪದ್ಧತಿ ಹಾಗೆಯೇ ಮರಳಲಿ ಎನ್ನುವ ಧೈರ್ಯ ಬಾರದು. ಮರಳಬೇಕಾದದ್ದು ಮಣ್ಣಿಗೆ ಮಣ್ಣಿನ ಪಾಲನ್ನು ಹಿಂದಿರುಗಿಸುವ ವ್ಯವಸ್ಥೆ ಮಾತ್ರ.

ಇರಲಿ, ಹರಾಜು ನಿಂತುದೇಕೆಂಬ ಪ್ರಶ್ನೆಗೆ ಬರಬಹುದು. ಕಾರಣಗಳು ಹಲವು. ಸಹಾಯಧನದಿಂದ ಅಗ್ಗವಾದ ರಾಸಾಯನಿಕ ಗೊಬ್ಬರವು ಚೀಲದಲ್ಲಿ ಸಿಗತೊಡಗಿದ ಮೇಲೆ ಗಾಡಿಗಟ್ಟಲೆ ಊರ ಗೊಬ್ಬರ ಹೇರುವುದು ರೈತನಿಗೆ ಭಾರವೆನಿಸಿತು. ಕೂಲಿಯೂ ತುಟ್ಟಿಯಾಯಿತು. ಆದರೆ ಎಲ್ಲಕ್ಕಿಂತ ಮುಖ್ಯವಾಗಿ ಕಸವೇ ಬದಲಾಯಿತು. ಎರೆಭೂಮಿಗೆ ಹರಡಿದ ಗೊಬ್ಬರದಲ್ಲಿ ಪ್ಲಾಸ್ಟಿಕ್ ಚೀಲ ಬಂತು, ಒಡೆದ ಬಾಟಲಿಯ ಚೂರು ಬಂತು, ಬ್ಲೇಡು ಬಂತು, ತೀರಿದ ಬ್ಯಾಟರಿ ಬಂತು, ದವಾಖಾನೆಯ ಸೂಜಿಯೂ ಬಂತು. ಬರಿಗಾಲಲ್ಲಿ ಕಳೆ ತೆಗೆಯುವ ಹೆಣ್ಣುಮಗಳಿಗೆ ಗಾಜಿನ ಒಂದು ಚೂರು ಸಾಕು. ಪ್ಲಾಸ್ಟಿಕ್ ಹಾಳೆ ಮಣ್ಣಿನೊಳಗೆ ಹಾಸಿಕೊಂಡರೆ ಅದರ ಕೆಳಗೆ ನೀರಿಳಿಯದು, ಬೇರಿಳಿಯದು. ಇಂಥ ಮಾಲಿಗೆ ಯಾವ ರೈತ ಸವಾಲು ಕೂಗಿಯಾನು? ಊರಿನವರು ಬಿಸಾಡಿದ ವಸ್ತುಗಳಲ್ಲಿ ಮಣ್ಣಿಗೆ ಸಲ್ಲುವ ಭಾಗ ಆಗಲೂ ಅರ್ಧಕ್ಕಿಂತ ಹೆಚ್ಚಿತ್ತು, ಈಗಲೂ ಇದೆ. ಅದು ಕೆಟ್ಟದ್ದು ತಾನು ಕೊಳೆತದ್ದರಿಂದಲ್ಲ, ಕೊಳೆಯದ ವಸ್ತುವಿನೊಡನೆ ಬೆರೆತದ್ದರಿಂದ.

ಇದರ ವ್ಯಂಗ್ಯ 2016ರಲ್ಲಿ ಪೂರ್ಣವಾಯಿತು. ನಗರಗಳ ಕಸದಿಂದ ತಯಾರಾದ ಗೊಬ್ಬರ ಬಿಕರಿಯಾಗಲೆಂದು ಕೇಂದ್ರ ಸರ್ಕಾರವು ಆ ವರ್ಷ ಟನ್ನಿಗೆ 1,500 ರೂಪಾಯಿಗಳ ನೆರವನ್ನು ಘೋಷಿಸಿತು. ರೈತನು ಕೈಯಿಂದ ಹಣ ಕೊಟ್ಟು ಒಯ್ಯುತ್ತಿದ್ದ ವಸ್ತುವನ್ನು ಅವನಿಗೆ ಒಪ್ಪಿಸಲು ಬೊಕ್ಕಸದಿಂದ ಹಣ ತೆರಬೇಕಾಯಿತು.

ಕಾಯಿದೆಯ ಕೊರತೆಯಿಂದ ಹೀಗಾಯಿತೆನ್ನಲು ಬಾರದು. ಬೀದಿ ಗುಡಿಸಿ ಕಸ ಸಾಗಿಸುವುದು 1964ರ ಪೌರಸಭೆಗಳ ಅಧಿನಿಯಮದ ಪ್ರಕಾರ ಪೌರಸಭೆಯ ಕಡ್ಡಾಯದ ಹೊಣೆ. ಸಂವಿಧಾನದ 74ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ ಹನ್ನೆರಡನೆಯ ಅನುಸೂಚಿಯಲ್ಲಿ ಘನತ್ಯಾಜ್ಯದ ನಿರ್ವಹಣೆ ಸ್ಪಷ್ಟವಾಗಿ ಸೇರಿತು. ಬೇರ್ಪಡಿಸಿ ಸಂಗ್ರಹಿಸಬೇಕೆಂಬ ಮಾತು 2000ದ ನಿಯಮಗಳಲ್ಲಿಯೇ ಬಂದಿತ್ತು. 2016ರ ನಿಯಮಗಳು ಅದನ್ನು ಮನೆಮನೆಯ ಕರ್ತವ್ಯವನ್ನಾಗಿ ಮಾಡಿದವು. ಕಾಗದದ ಮೇಲೆ ಎಲ್ಲವೂ ಇತ್ತು.

ಬೆರೆತ ಕಸವನ್ನು ಊರಿನಿಂದ ದೂರ ಸಾಗಿಸಿಬಿಟ್ಟರೆ ಕರ್ತವ್ಯ ತೀರಿತೆಂಬ ಭ್ರಮೆಯು ಎಷ್ಟು ದುಬಾರಿಯದೆಂಬುದನ್ನು ರಾಜಧಾನಿಯೇ ತೋರಿಸಿಕೊಟ್ಟಿದೆ. ಬೆಂಗಳೂರಿನ ಕಸವು ಉತ್ತರಕ್ಕೆ ಮಾವಳ್ಳಿಪುರಕ್ಕೂ ಪೂರ್ವಕ್ಕೆ ಮಂಡೂರಿಗೂ ವರ್ಷಗಟ್ಟಲೆ ಲಾರಿಗಳಲ್ಲಿ ಹೋಯಿತು. ರಾಶಿಯ ಅಡಿಯಿಂದ ಇಳಿದ ಕಪ್ಪು ರಸ ಅಂತರ್ಜಲಕ್ಕೆ ಸೇರುತ್ತದೆ. ಗಾಳಿಯಾಡದೆ ಕೊಳೆತ ರಾಶಿಯಲ್ಲಿ ಹುಟ್ಟುವ ಅನಿಲ ಬೇಸಗೆಯಲ್ಲಿ ಹೊತ್ತಿ ಉರಿಯುತ್ತದೆ. ನೊಣ ಮತ್ತು ನಾತ ಹಳ್ಳಿಯ ಅಡಿಗೆ ಮನೆಯವರೆಗೆ ಬರುತ್ತವೆ. 2012ರ ಜುಲೈಯಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ಮರುತಿಂಗಳೇ ನಗರದ ಬೀದಿಬೀದಿಗಳಲ್ಲಿ ಕಸ ಗುಡ್ಡೆಬಿದ್ದಿತು. ಮಂಡೂರಿನ ಜನ ರಸ್ತೆಗಿಳಿದು ಲಾರಿಗಳನ್ನು ತಡೆದರು. ಅಲ್ಲಿ ಕಸ ಸುರಿಯುವುದು ನಿಲ್ಲಲು 2014ರ ಕೊನೆಯಾಯಿತು. ಆ ಹಳ್ಳಿಯವರು ಬೆಂಗಳೂರಿನ ಯಾವ ಹೋಟೆಲಿನಲ್ಲೂ ಉಂಡವರಲ್ಲ, ಯಾವ ಮಾರುಕಟ್ಟೆಯಲ್ಲೂ ಕೊಂಡವರಲ್ಲ; ಆದರೂ ಎಲೆ ಎತ್ತುವ ಸರದಿ ಅವರದಾಯಿತು. ಜಿಲ್ಲಾ ಕೇಂದ್ರಗಳೂ ತಾಲ್ಲೂಕು ಪಟ್ಟಣಗಳೂ ಇಂದು ತಮ್ಮ ತಮ್ಮ ಅಳತೆಗೆ ತಕ್ಕ ಮಂಡೂರುಗಳನ್ನು ಕಟ್ಟಿಕೊಳ್ಳುತ್ತಿವೆ. ಊರ ಹೊರಗಿನ ಗೋಮಾಳ, ಬತ್ತಿದ ಕೆರೆಯ ಅಂಗಳ, ಹಳ್ಳದ ದಂಡೆ, ಇವೇ ಅವುಗಳಿಗೆ ಒದಗುವ ಜಾಗ.

ಇಲ್ಲಿ ಶರಣರ ಒಂದು ಪ್ರಸಂಗವನ್ನು ನೆನೆಯುವುದು ಉಚಿತ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಆ ಕಾಯಕದಿಂದಲೇ ಅವನ ಹೆಸರಿಗೆ ಆಯ್ದಕ್ಕಿ ಎಂಬ ಮಾತು ಸೇರಿತು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದ್ದು ತಮಗೆ ಸಲ್ಲದೆಂದು ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ಮಠದ ಶಾಲೆಯಲ್ಲಿ ಓದಿದ ಪ್ರತಿಯೊಂದು ಮಗುವೂ ಬಲ್ಲುದು. ಸಾಮಾನ್ಯವಾಗಿ ಲಕ್ಕಮ್ಮನ ನಿರ್ಲೋಭವನ್ನು ವಿವರಿಸಿ ಉಪನ್ಯಾಸಕರು ಮುಂದೆ ಸಾಗುತ್ತಾರೆ. ಇನ್ನೊಂದು ಸಣ್ಣ ಸಂಗತಿ ಅವರ ಗಮನದಿಂದ ಜಾರಿಹೋಗುತ್ತದೆ. ಬಿದ್ದ ಅಕ್ಕಿ ಮತ್ತೆ ಅನ್ನವಾಗಲು ಸಾಧ್ಯವಾದುದು ಅದು ಬಿದ್ದ ಅಂಗಳ ಹಸನಾಗಿದ್ದುದರಿಂದ. ಅದೇ ಅಕ್ಕಿ ಎಂಜಲೆಲೆ, ಬಚ್ಚಲ ನೀರು, ಮುರುಕು ಗಡಿಗೆಗಳ ಜೊತೆ ಕಲಸಿ ಬಿದ್ದಿದ್ದರೆ ಮಾರಯ್ಯನ ಭಕ್ತಿ ಎಷ್ಟೇ ದೊಡ್ಡದಾದರೂ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಾರಳು. ಶರಣರ ಅಂಗಳಗಳನ್ನು ಗುಡಿಸುವುದನ್ನೇ ಕಾಯಕವಾಗಿ ಹಿಡಿದ ಸತ್ಯಕ್ಕನ ಹೆಸರೂ ಅದೇ ಕಾಲದ್ದು. ಗುಡಿಸುವವಳು ಮತ್ತು ಆಯುವವನು ಇಬ್ಬರೂ ಶರಣರ ಸಾಲಿನಲ್ಲಿ ಸಮಾನರಾಗಿ ನಿಂತರು.

ಇಂದು ಹೆಗಲಿಗೆ ಗೋಣಿಚೀಲ ಹಾಕಿಕೊಂಡು ತಿಪ್ಪೆಯಲ್ಲಿ ಬಾಟಲಿ, ರಟ್ಟು, ತಗಡು ಹುಡುಕುವವರನ್ನು ಕನ್ನಡವು ಚಿಂದಿ ಆಯುವವರೆಂದು ಕರೆಯುತ್ತದೆ. ಕ್ರಿಯಾಪದ ಒಂದೇ, ಆದರೆ ಮರ್ಯಾದೆ ಮಾತ್ರ ಬೇರೆ. ಪುರಸಭೆಯಿಂದ ಬಿಡಿಗಾಸೂ ಪಡೆಯದೆ ಪುರಸಭೆಯ ಕೆಲಸ ಮಾಡುವ ಇವರನ್ನು ನಾಯಿಗಳು ಬೊಗಳುತ್ತವೆ, ಮನೆಯವರು ಕಳ್ಳರೆಂದು ಅಟ್ಟುತ್ತಾರೆ. ಬೆಂಗಳೂರಿನಲ್ಲಿ 2011ರಿಂದೀಚೆಗೆ ಇಂಥವರಿಗೆ ಪಾಲಿಕೆಯ ಗುರುತಿನ ಚೀಟಿ ಕೊಟ್ಟು, ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳ ಕೆಲಸದಲ್ಲಿ ಸೇರಿಸಿಕೊಳ್ಳುವ ಪ್ರಯತ್ನ ನಡೆದಿದೆ. ಅದು ಒಳ್ಳೆಯ ಆರಂಭ. ಸಣ್ಣ ಪಟ್ಟಣಗಳಲ್ಲಿ ಅಷ್ಟೂ ಕಾಣದು.

ಪೌರಕಾರ್ಮಿಕರ ವಿಷಯದಲ್ಲಿ ಇನ್ನೊಂದು ಕಟುವಾದ ಮಾತನ್ನು ಆಡಲೇಬೇಕಾಗಿದೆ. ಸಭೆ ಸಮಾರಂಭಗಳಲ್ಲಿ ಅವರಿಗೆ ಶಾಲು ಹೊದಿಸಿ, ಅವರದು ನಿಜವಾದ ಕಾಯಕವೆಂದು ಬಣ್ಣಿಸುವ ರೂಢಿ ಇತ್ತೀಚೆಗೆ ಬೆಳೆದಿದೆ. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನವೆಂದು ಆಚರಣೆಯಾಗುತ್ತದೆ. ಬಣ್ಣನೆ ತಪ್ಪಲ್ಲ. ಆದರೆ ಕಾಯಕವೆಂಬುದು ಹುಟ್ಟಿನಿಂದ ತಲೆಗೆ ಕಟ್ಟಿದ ದುಡಿಮೆಯಲ್ಲ. ಮನಸ್ಸು ಒಪ್ಪಿ ಆರಿಸಿಕೊಂಡು, ಸಮಾನರ ನಡುವೆ ನಿಂತು ಮಾಡುವ ದುಡಿಮೆ. ಒಂದೇ ಕೇರಿಯ ಮಕ್ಕಳು ಮೂರು ತಲೆಮಾರು ಪೊರಕೆ ಹಿಡಿದು, ಗುತ್ತಿಗೆದಾರನ ದಯೆಯಲ್ಲಿ ತಿಂಗಳ ಸಂಬಳಕ್ಕೆ ಕೈಯೊಡ್ಡಿ ನಿಲ್ಲುವುದನ್ನು ಕಾಯಕವೆಂದು ಕರೆದರೆ, ಆ ಮಾತಿಗೆ ಅರ್ಥ ಕೊಟ್ಟವರಿಗೇ ಅಪಚಾರವಾದೀತು. 2022ರ ಜುಲೈ ಮೊದಲಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದಾಗ ಅವರು ಕೇಳಿದ್ದು ಶಾಲನ್ನಲ್ಲ, ನೌಕರಿಯ ಖಾಯಮಾತಿಯನ್ನು. ಸರ್ಕಾರ ಆಗ ಭರವಸೆ ಕೊಟ್ಟು ಖಾಯಂ ಮಾಡುವ ಕ್ರಮಕ್ಕೆ ತೊಡಗಿತು. ಅವರ ಕೈಗೆ ಬರುವ ಬುಟ್ಟಿಯಲ್ಲಿ ಒಡೆದ ಬಲ್ಬನ್ನೂ ಮಗುವಿನ ಮಲದ ಬಟ್ಟೆಯನ್ನೂ ನಿನ್ನೆಯ ಸಾರನ್ನೂ ಒಟ್ಟಿಗೆ ಸುರಿಯುವ ಮನೆಯವರು, ಶಾಲು ಹೊದಿಸುವ ಸಭೆಯಲ್ಲಿ ಚಪ್ಪಾಳೆ ತಟ್ಟುವುದು ಸ್ವಲ್ಪ ಕಷ್ಟದ ನೋಟ.

ಕರ ಕಟ್ಟಿದ ಮೇಲೆ ಕಸ ಬೇರ್ಪಡಿಸುವುದು ಪುರಸಭೆಯ ಕೆಲಸವಲ್ಲವೇ ಎಂದು ಕೇಳುವವರುಂಟು. ಕೂಡಿಸುವುದು ಅರೆಗಳಿಗೆಯ ಕೆಲಸ, ಬಿಡಿಸುವುದು ದಿನವಿಡೀ ಮುಗಿಯದ ಕೆಲಸ. ಉಪ್ಪು ಸಕ್ಕರೆ ಕಲೆತ ಮೇಲೆ ಎಷ್ಟು ಕರ ಕಟ್ಟಿದರೂ ಅವು ಬೇರಾಗವು. ಆದರೆ ಗೃಹಿಣಿಯರ ಇನ್ನೊಂದು ದೂರು ನ್ಯಾಯವಾದದ್ದು. ಮನೆಯಲ್ಲಿ ಎರಡು ಬುಟ್ಟಿ ಇಟ್ಟು ಶ್ರದ್ಧೆಯಿಂದ ಬೇರೆ ಮಾಡಿ ಕೊಟ್ಟರೆ, ಬಾಗಿಲಿಗೆ ಬಂದ ಗಾಡಿಯವನು ಕಣ್ಣೆದುರೇ ಎರಡನ್ನೂ ಒಂದೇ ತೊಟ್ಟಿಗೆ ಸುರಿಯುತ್ತಾನೆ. ಹೀಗೆ ಒಂದು ವಾರ ನಡೆದರೆ ಯಾವ ಮನೆಯೂ ಎಂಟನೆಯ ದಿನ ಎರಡನೆಯ ಬುಟ್ಟಿ ಇಡದು. ಬೆಂಗಳೂರಿನಲ್ಲಿ 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಹಸಿ ಕಸಕ್ಕೊಂದು, ತಿರಸ್ಕೃತ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೊಂದು ಚೀಲ ಇಡಬೇಕೆಂಬ ಕ್ರಮವನ್ನು ಜಾರಿಗೆ ತರಲು ಆದೇಶಿಸಿತು. ನ್ಯಾಯಾಲಯವು ಮನೆಯ ಬುಟ್ಟಿಯ ಬಣ್ಣವನ್ನು ನಿರ್ಧರಿಸಬೇಕಾಗಿ ಬಂದುದು ಚುನಾಯಿತ ಸದಸ್ಯರಿಗೆ ಶೋಭೆ ತರುವ ಸಂಗತಿಯಲ್ಲ. ಗುಟ್ಕಾ ಚೀಟಿ, ಕುರುಕುಲು ತಿಂಡಿಯ ಪೊಟ್ಟಣಗಳಂಥ ಹಲವು ಪದರದ ಹಾಳೆಗಳನ್ನು ಯಾವ ಗುಜರಿಯವನೂ ಕೊಳ್ಳನು. ಅದರ ಹೊಣೆ ತಯಾರಿಸಿ ಮಾರಿದವರದು. ಅದನ್ನೂ ಗೃಹಿಣಿಯ ತಲೆಗೆ ಕಟ್ಟುವುದು ಅನ್ಯಾಯ.

ಸರಿಯಾಗಿ ನಡೆದರೆ ಏನಾಗುತ್ತದೆಂಬುದಕ್ಕೆ ದೂರದ ದೇಶಗಳ ಉದಾಹರಣೆ ಬೇಕಿಲ್ಲ. ಮೈಸೂರಿನ ಕುಂಬಾರಕೊಪ್ಪಲಿನ ಘಟಕದಲ್ಲಿ ಸುತ್ತಲಿನ ಬಡಾವಣೆಗಳ ಕಸವನ್ನು ಕೈಯಿಂದ ವಿಂಗಡಿಸಿ, ಬಾಟಲಿ ಬೇರೆ, ಹಾಲಿನ ಪೊಟ್ಟಣ ಬೇರೆ, ಹಳೆಯ ಚಪ್ಪಲಿಯೂ ಬೇರೆಯಾಗಿ ಮಾರುತ್ತ ಬಂದರು. ಹಸಿ ಕಸ ಗೊಬ್ಬರವಾಗಿ ರೈತರಿಗೆ ಹೋಯಿತು. 2016ರಲ್ಲಿ ದೇಶದ ಸ್ವಚ್ಛ ನಗರಗಳ ಸಮೀಕ್ಷೆಯಲ್ಲಿ ಮೈಸೂರು ಮೊದಲ ಸ್ಥಾನ ಪಡೆಯಿತು. ಅದೇ ಮೈಸೂರಿನ ವಿದ್ಯಾರಣ್ಯಪುರದ ಬಳಿ ಬೆರೆತ ಹಳೆಯ ಕಸದ ಗುಡ್ಡವೂ ಆ ಪ್ರಶಸ್ತಿಯ ವರ್ಷದಲ್ಲಿ ಇದ್ದೇ ಇತ್ತೆಂಬುದನ್ನು ಹೇಳದಿದ್ದರೆ ಚಿತ್ರ ಅಪೂರ್ಣ.

ಪುರಸಭೆಯನ್ನು ದೂರುವ ಮೊದಲು ಮಠಮಾನ್ಯಗಳು ತಮ್ಮ ಹಿತ್ತಲನ್ನೊಮ್ಮೆ ನೋಡಿಕೊಳ್ಳುವುದು ಮೇಲು. ಸಾವಿರಾರು ಜನರಿಗೆ ಪ್ರಸಾದವಿಕ್ಕುವ ಜಾತ್ರೆಯ ಮರುದಿನ ಬೆಳಿಗ್ಗೆ ದಾಸೋಹದ ಬಯಲಿಗೆ ಹೋಗಿ ನಿಂತವರಿಗೆ ಕಾಣುವುದೇನು? ಹಿಂದೆ ಮುತ್ತುಗದ ಪತ್ರಾವಳಿ ಇತ್ತು. ಉಂಡೆದ್ದ ಮೇಲೆ ದನ ಮೆಲ್ಲುತ್ತಿತ್ತು, ಉಳಿದದ್ದು ತಿಪ್ಪೆ ಸೇರುತ್ತಿತ್ತು. ಈಗ ಪ್ಲಾಸ್ಟಿಕ್ ಲೇಪದ ತಟ್ಟೆ, ಪ್ಲಾಸ್ಟಿಕ್ ಲೋಟ, ನೀರಿನ ಪೊಟ್ಟಣ. ಗಾಳಿ ಬೀಸಿದರೆ ಅವು ಭಕ್ತರಿಗಿಂತ ಮೊದಲು ಊರು ತಲುಪುತ್ತವೆ. ರಾಜ್ಯ ಸರ್ಕಾರವು 2016ರಲ್ಲಿಯೇ ಇಂಥ ತಟ್ಟೆ ಲೋಟಗಳನ್ನು ನಿಷೇಧಿಸಿತ್ತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶಕ್ಕೆಲ್ಲ ನಿಷೇಧ ಬಂತು. ಅನ್ನವನ್ನು ಪ್ರಸಾದವೆಂದು ಕೈಯೊಡ್ಡಿ ಸ್ವೀಕರಿಸಿದವರು ಅದರ ಪಾತ್ರೆಯನ್ನು ಮರುಕ್ಷಣ ಕೆರೆಯ ದಂಡೆಗೆ ಎಸೆಯುವುದು ಪ್ರಸಾದತತ್ತ್ವಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆಂಬುದನ್ನು ಬಲ್ಲವರು ವಿಚಾರಿಸಲಿ. ಮಠಗಳು ಮನಸ್ಸು ಮಾಡಿದರೆ ಏನು ಸಾಧ್ಯವೆಂಬುದಕ್ಕೂ ನಿದರ್ಶನವಿದೆ. 2019ರಲ್ಲಿ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮುಂದೆ ನಿಂತು, ಜನರನ್ನು ಕೂಡಿಸಿ, ಹೂಳು ಮತ್ತು ಕಸ ತುಂಬಿದ್ದ ಹಿರೇಹಳ್ಳವನ್ನು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರುಗಳ ಉದ್ದಕ್ಕೆ ಸ್ವಚ್ಛಗೊಳಿಸಿದರು. ಹಳ್ಳವನ್ನು ಹಸನು ಮಾಡಬಲ್ಲ ಕೈಗಳು ಹಳ್ಳಕ್ಕೆ ಬೀಳುವ ತಟ್ಟೆಯನ್ನೂ ತಡೆಯಬಲ್ಲವು.

ಪ್ರಸಾದ ನಿಲಯಗಳಲ್ಲಿ ಇದನ್ನು ಇಂದೇ ತೊಡಗಬಹುದು. ಅಲ್ಲಿನ ವಿದ್ಯಾರ್ಥಿಗಳು ತಮ್ಮ ತಾಟನ್ನು ತಾವೇ ತೊಳೆಯುವ ಪದ್ಧತಿ ಬಹುಕಾಲದಿಂದಲೂ ಇದೆ. ತೊಳೆಯುವ ಕಟ್ಟೆಯ ಪಕ್ಕದಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆಗೆ ಒಂದು ಪೀಪಾಯಿ. ಹಿತ್ತಲಿನಲ್ಲಿ ಸರದಿಯಂತೆ ತುಂಬಲು ಎರಡು ತಗ್ಗು. ಕಾಗದ, ಬಾಟಲಿಗಳಿಗೆ ನೆರಳಿನಲ್ಲೊಂದು ಕೋಣೆ. ಕೋಣೆಯ ಮಾಲನ್ನು ಸುಡದೆ, ಊರಿನ ಆಯುವವರಿಗೆ ವಾರಕ್ಕೊಮ್ಮೆ ಬಾಗಿಲಿನಲ್ಲಿ ನಿಲ್ಲಿಸದೆ ಒಳಗೆ ಕರೆದು ಕೊಡುವುದು. ವಿಜ್ಞಾನದ ಮಾಸ್ತರರು ತಗ್ಗಿನ ಉಷ್ಣವನ್ನು ಮಕ್ಕಳಿಂದ ಅಳೆಯಿಸಿದರೆ ಒಂದು ಪಾಠವೂ ಆದೀತು. ಸರದಿಯ ಪಟ್ಟಿಯಲ್ಲಿ ಎಲ್ಲ ಮಕ್ಕಳ ಹೆಸರೂ ಇರಬೇಕು, ಜಾತಿ ನೋಡಿ ಹೆಸರು ಬರೆಯುವ ಕೈಗೆ ಆ ಪಟ್ಟಿ ಹೋಗಬಾರದು.

ಇನ್ನು ಪುರಸಭೆಯ ಪಾಲು. ಮುಂಗಡಪತ್ರದ ಸಭೆಗಳಲ್ಲಿ ಕಾಂಕ್ರೀಟು ಚರಂಡಿಗೂ ಸ್ವಾಗತ ಕಮಾನಿಗೂ ಹಣ ಮಂಜೂರಾಗುವ ವೇಗ ಎಲ್ಲರಿಗೂ ಗೊತ್ತಿದ್ದದ್ದೇ. ಕಮಾನಿಗೆ ಕಲ್ಲಿನಲ್ಲಿ ಹೆಸರು ಕೆತ್ತಿಸಬಹುದು, ಗೊಬ್ಬರದ ರಾಶಿಗೆ ಕೆತ್ತಿಸಲಾಗದು; ವ್ಯತ್ಯಾಸ ಬಹುಶಃ ಅಷ್ಟೇ. ಕಸ ಸಾಗಿಸುವ ಗುತ್ತಿಗೆದಾರನಿಗೆ ತೂಕದ ಮೇಲೆ ಹಣ ಸಲ್ಲುವ ಕಡೆಗಳಲ್ಲಿ, ರಾಶಿ ದೊಡ್ಡದಾದಷ್ಟೂ ಅವನಿಗೆ ಲಾಭ. ಬೇರ್ಪಡಿಸಿ ಕಡಿಮೆ ಮಾಡುವುದರಲ್ಲಿ ಅವನಿಗೆ ನಷ್ಟ. ಈ ಕರಾರನ್ನು ತಿರುಗಿಸಿ, ಬೇರ್ಪಡಿಸಿ ತಂದ ಕಸಕ್ಕೆ ಹೆಚ್ಚು, ಬೆರೆಸಿ ತಂದದ್ದಕ್ಕೆ ಏನೂ ಇಲ್ಲ ಎಂದು ಬರೆಯಲು ಹೊಸ ಕಾಯಿದೆ ಬೇಡ. ಎರಡು ವಿಭಾಗದ ಗಾಡಿ, ಮೇಲ್ಛಾವಣಿಯ ಒಂದು ಶೆಡ್ಡು, ತಕ್ಕಡಿ, ಜರಡಿ, ಕೈಗವಸು, ಖಾಯಂ ಸಂಬಳದ ಕೆಲವು ಜನ, ಇಷ್ಟರಿಂದ ಸಾಧಾರಣ ಪಟ್ಟಣವೊಂದರ ಕೆಲಸ ಆರಂಭವಾಗಬಲ್ಲುದು.

ಎಷ್ಟು ಟನ್ನು ಕಸವನ್ನು ಊರ ಹೊರಗೆ ಸಾಗಿಸಲಾಯಿತೆಂಬ ಅಂಕಿಯನ್ನು ಅಧಿಕಾರಿಗಳು ವರದಿಯಲ್ಲಿ ಹೆಮ್ಮೆಯಿಂದ ಓದುತ್ತಾರೆ. ಈ ಶಾಲೆಯಲ್ಲಿ ಕಲಿತು ಮುಂದೆ ಪುರಸಭೆಯ ಸದಸ್ಯರಾಗುವವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅವರು ಆ ಸಭೆಯಲ್ಲಿ ಎದ್ದು ನಿಂತು, ಹೋದ ವರ್ಷ ಸುತ್ತಲಿನ ರೈತರು ಪುರಸಭೆಯಿಂದ ಎಷ್ಟು ಗಾಡಿ ಗೊಬ್ಬರ ಕೊಂಡರೆಂದು ಕೇಳಲಿ. ಉತ್ತರ ಸೊನ್ನೆಯೆಂದು ಬಂದರೆ, ಮುಂದಿನ ವರ್ಷದ ಸಭೆಯಲ್ಲಿಯೂ ಅದನ್ನೇ ಕೇಳಲಿ.